ಮೊದಲ ರೈಫಲಿನ ಆಯ್ಕೆ

ದೊಡ್ಡ ಮೃಗಗಳ ಬೇಟೆಗೂ ದೂರದ ಗುರಿಗೂ ಹೊಸಬನು ಮೊದಲು ಎಂತಹ ರೈಫಲನ್ನು ಆರಿಸಬೇಕೆಂಬ ಪ್ರಶ್ನೆಗೆ ಕರಿಮದ್ದಿನ ಕಾಲದಲ್ಲಿ ಸಾಮಾನ್ಯವಾಗಿ ದೊರೆಯುತ್ತಿದ್ದ ಉತ್ತರವಿದು: ನಳಿಗೆಯು ದೊಡ್ಡದಿರಬೇಕು, ಗುಂಡು ಭಾರವಾಗಿರಬೇಕು. ೧೮೮೬ರಲ್ಲಿ ಫ್ರೆಂಚ್ ಸೇನೆಯು ಹೊಗೆಯಿಲ್ಲದ ಮದ್ದನ್ನು ಬಳಕೆಗೆ ತಂದ ತರುವಾಯ ಈ ಮತವು ಸಡಿಲವಾಯಿತು. ಸಣ್ಣ ಗುಂಡೂ ಅತಿವೇಗದಿಂದ ಹೊರಟು, ದೂರದವರೆಗೆ ಹೆಚ್ಚು ಬಾಗದೆ ಸಾಗಿ, ಆಳವಾಗಿ ನಾಟುವುದು ಸಾಧ್ಯವಾಯಿತು.

ಈ ಆಯ್ಕೆಯ ಗುರುತ್ವವು ಜಿಮ್ ಕಾರ್ಬೆಟ್ಟರ ಚರಿತ್ರೆಯಿಂದ ತಿಳಿದುಬರುತ್ತದೆ. ೧೯೦೭ರಲ್ಲಿ ಅವರು ಕುಮಾವೂಂ ಪ್ರಾಂತದ ಚಂಪಾವತದಲ್ಲಿ ಕೊಂದ ಹೆಣ್ಣುಹುಲಿಯು, ಅವರೇ ಬರೆದಿರುವಂತೆ, ೪೩೬ ಜನರನ್ನು ಕೊಂದಿತ್ತು. ಅದರ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದುವು. ಹಿಂದೆ ಯಾರೋ ಹೊಡೆದ ಗುಂಡಿನಿಂದಾದ ಈ ಗಾಯವೇ ಅದನ್ನು ನರಭಕ್ಷಕವನ್ನಾಗಿ ಮಾಡಿತೆಂದು ಅವರ ನಿರ್ಣಯ. ಗುರಿತಪ್ಪಿದ ಆ ಗುಂಡಿನ ಬೆಲೆಯನ್ನು ತೆತ್ತವರು ಹಳ್ಳಿಗರು.

ಆ ಕಾರ್ಯಕ್ಕಾಗಿ ಕಾರ್ಬೆಟ್ಟರಿಗೆ ಬಹುಮಾನವಾಗಿ ದೊರೆತುದು ರಿಗ್ಬಿ ಕಂಪೆನಿಯ .೨೭೫ ರೈಫಲು, ಜರ್ಮನಿಯ ೭ ಮಿಲಿಮೀಟರ್ ಮೌಸರ್ ತೋಟಾವನ್ನು ಹಾರಿಸುವ ಹಗುರವಾದ ಕೋವಿ. ೧೯೩೦ರಲ್ಲಿ ಚೌಗಢದ ನರಭಕ್ಷಕವು ತೀರ ಸಮೀಪದಲ್ಲಿ ಎದುರಾದಾಗ, ಅವರು .೨೭೫ ರೈಫಲನ್ನು ಒಂದೇ ಕೈಯಿಂದ ಮೆಲ್ಲನೆ ತಿರುಗಿಸಿ ಹೊಡೆದರು. ಭಾರವಾದ ಜೋಡುನಳಿಗೆಯ ಕೋವಿಯಿಂದ ಇದು ಕಷ್ಟಸಾಧ್ಯವಾಗುತ್ತಿತ್ತು.

ಆನೆ, ಕಾಡುಕೋಣಗಳಿಗೆ ಇದಕ್ಕಿಂತ ಬಲವಾದ ಗುಂಡು ಬೇಕೆಂಬುದು ನಿಜ. ಆದರೆ ಹೆಗಲಿಗೆ ಬಲವಾಗಿ ಒದೆಯುವ ಕೋವಿಯು ಹೊಸಬನನ್ನು ಅಳುಕಿಸುತ್ತದೆ. ಅಳುಕಿದವನ ಗುಂಡು ಎಷ್ಟೋ ವೇಳೆ ಮೃಗವನ್ನು ಕೊಲ್ಲದೆ ಗಾಯಗೊಳಿಸುತ್ತದೆ. ೧೯೭೨ರ ಶಾಸನದಿಂದ ಭಾರತದಲ್ಲಿ ಹುಲಿಬೇಟೆಯು ನಿಷಿದ್ಧವಾಯಿತು. ಬೇಟೆಯು ಸಮ್ಮತವಾಗಿರುವ ಇತರ ದೇಶಗಳಲ್ಲಿಯಾದರೂ, ಮೊದಲ ರೈಫಲನ್ನು ಆರಿಸುವವನು ಮೃಗದ ಗಾತ್ರವನ್ನಷ್ಟೇ ನೋಡದೆ ತನ್ನ ಹೆಗಲನ್ನೂ ಅರಿತಿರಬೇಕೆಂದು ಈ ಚರಿತ್ರೆಯಿಂದ ಸಿದ್ಧವಾಗುತ್ತದೆ.