ಸೀಮೆಎಣ್ಣೆ ಡಬ್ಬದಿಂದ ಔಷಧಿ ಕ್ಯಾನಿನವರೆಗೆ

ನಿನ್ನೆ ಅಟ್ಟ ಗುಡಿಸುವಾಗ ಹಳೇ ಸೀಮೆಎಣ್ಣೆ ಡಬ್ಬ ಸಿಕ್ತು. ಬಾಯಿ ಪೂರ್ತಿ ಕೊಯ್ದು, ಅಡ್ಡ ಒಂದು ಕೋಲು ಇಟ್ಟು ಮೊಳೆ ಹೊಡೆದದ್ದು. ಅಪ್ಪ ಅದರಲ್ಲೇ ನೀರು ಹೊತ್ತು ಅಡಿಕೆ ಸಸಿಗೆ ಹಾಕ್ತಿದ್ದರು. ಈ ಡಬ್ಬಕ್ಕೆ ದೊಡ್ಡ ಚರಿತ್ರೆಯೇ ಇದೆ.

ಹಿಂದೆ ಏಷ್ಯಾದ ಊರುಗಳಿಗೆ ಸೀಮೆಎಣ್ಣೆ ಬರ್ತಿದ್ದದ್ದು ತಗಡಿನ ಡಬ್ಬದಲ್ಲಿ, ಒಂದೊಂದು ಮರದ ಪೆಟ್ಟಿಗೆಗೆ ಎರಡೆರಡು. ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯದು ನೀಲಿ ಡಬ್ಬ. ಡಬ್ಬದ ಖರ್ಚು ಉಳಿಸಬೇಕು ಅಂತ ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮ್ಯುಯೆಲ್ 1892ರಲ್ಲಿ ಮ್ಯೂರೆಕ್ಸ್ ಎಂಬ ಟ್ಯಾಂಕರ್ ಹಡಗಿಗೆ ರಷ್ಯಾದ ಎಣ್ಣೆಯನ್ನು ನೇರ ತುಂಬಿಸಿ, ಸೂಯೆಜ್ ಕಾಲುವೆ ದಾಟಿಸಿ ಕಳಿಸಿದ. ಜನ ಮನೆಯ ಪಾತ್ರೆ ತಂದು ತುಂಬಿಸ್ಕೊಳ್ತಾರೆ ಅಂತ ಅವನ ಲೆಕ್ಕ.

ಲೆಕ್ಕ ತಪ್ಪಿತು. ಜನಕ್ಕೆ ಎಣ್ಣೆಯಷ್ಟೇ ಡಬ್ಬವೂ ಬೇಕಿತ್ತು. ಖಾಲಿ ಡಬ್ಬದಿಂದ ಮಾಡಿಗೆ ತಗಡು, ಒಲೆ, ಹಕ್ಕಿ ಪಂಜರ, ಚಹಾ ಸೋಸುವ ಜಾಲರಿ ಎಲ್ಲ ಆಗ್ತಿತ್ತು. ಕೊನೆಗೆ ಅವನು ತಗಡನ್ನೇ ಹಡಗಿನಲ್ಲಿ ಕಳಿಸಿ, ಇಲ್ಲಿಯೇ ಕೆಂಪು ಡಬ್ಬ ಮಾಡಿಸಬೇಕಾಯ್ತು. 1897ರಲ್ಲಿ ಅವನು ಕಟ್ಟಿದ ಕಂಪನಿಯೇ ಶೆಲ್.

ನಮ್ಮ ದೇಶದಲ್ಲಿ 1928ರಲ್ಲಿ ಬರ್ಮಾ ಶೆಲ್ ಶುರುವಾಯ್ತು. ಅದು 1976ರಲ್ಲಿ ಸರ್ಕಾರದ ಕೈಗೆ ಬಂದು ಮುಂದೆ ಭಾರತ್ ಪೆಟ್ರೋಲಿಯಂ ಆಯ್ತು. ಸುಮಾರು 18 ಲೀಟರಿನ ಡಬ್ಬ ನಮ್ಮ ಮನೆಯಲ್ಲಿ ಒಮ್ಮೆ ಕೊಡಪಾನ, ಒಮ್ಮೆ ಬೀಜದ ಪೆಟ್ಟಿಗೆ, ತೂತು ಬಿದ್ದ ಮೇಲೆ ಚಿಮಣಿ ಬುಡ್ಡಿ. ಅಮ್ಮ ಬೂದಿ ಹಾಕಿ ತಿಕ್ಕಿ ನಾಲ್ಕು ದಿನ ಬಿಸಿಲಿಗೆ ಇಡ್ತಿದ್ದರು. ವಾಸನೆ ಹೋದರೆ ಚೊಕ್ಕ ಆಯ್ತು ಅಂತ.

ಆ ಬುದ್ಧಿ ನನ್ನಲ್ಲೂ ಉಳಿದಿತ್ತು. ಹೋದ ವರ್ಷ ಔಷಧಿಯ ಖಾಲಿ ಕ್ಯಾನೊಂದನ್ನು ಸೋಪು ಹಾಕಿ ತೊಳೆದು, ವಾಸನೆ ನೋಡಿ, ಕೆಲಸಕ್ಕೆ ಬರುವವರಿಗೆ ಕೊಟ್ಟೆ. ನಾಲ್ಕು ದಿನ ಬಿಟ್ಟು ನೋಡಿದರೆ ಅದರಲ್ಲಿ ಕುಡಿಯೋ ನೀರು! ಪುಣ್ಯಕ್ಕೆ ಇನ್ನೂ ಯಾರೂ ಕುಡಿದಿರಲಿಲ್ಲ.

2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇತ್ತು ಅಂತ ಪರೀಕ್ಷೆಯಲ್ಲಿ ಗೊತ್ತಾಯ್ತು. ಆ ಎಣ್ಣೆಯನ್ನು ಕೀಟನಾಶಕದ ಹಳೇ ಡಬ್ಬದಲ್ಲಿ ಇಟ್ಟಿದ್ದರು ಅಂತ ಆಗ ಅಧಿಕಾರಿಗಳು ಹೇಳಿದ್ದರು.

ತಗಡಿನ ಡಬ್ಬದ ಬುದ್ಧಿ ಪ್ಲಾಸ್ಟಿಕ್ ಕ್ಯಾನಿಗೆ ನಡೆಯಲ್ಲ. ವಿಷ ಪ್ಲಾಸ್ಟಿಕ್ಕಿನ ಒಳಗೇ ಹಿಡ್ಕೊಂಡಿರ್ತದೆ, ಮೂಗಿಗೆ ಗೊತ್ತಾಗಲ್ಲ. ಈಗ ನಾನು ಮಾಡ್ತಿರೋದು ಇಷ್ಟು: ಕ್ಯಾನ್ ಖಾಲಿಯಾದ ಕೂಡಲೇ ಮೂರು ಸಲ ತೊಳೆದು, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಹಾಕ್ತೇನೆ. ಆಮೇಲೆ ಬುಡಕ್ಕೆ ತೂತು ಹೊಡೆದು ಕತ್ತರಿಸ್ತೇನೆ. ಒಡೆದು ಮನೆ-ಬಾವಿಯಿಂದ ದೂರ ಹೂಳಬೇಕು ಅಂತ 1971ರ ಕೀಟನಾಶಕ ನಿಯಮವೂ ಹೇಳ್ತದೆ.

ಅಪ್ಪನ ಡಬ್ಬವನ್ನು ಮತ್ತೆ ಅಟ್ಟಕ್ಕೇ ಇಟ್ಟೆ. ನಿಮ್ಮ ಕೊಟ್ಟಿಗೆಯಲ್ಲಿ ಔಷಧಿ ಕ್ಯಾನ್ ಏನಾದರೂ ನೀರಿಗೆ, ಬೆಲ್ಲಕ್ಕೆ ಬಳಕೆಯಲ್ಲಿದ್ದರೆ ಇವತ್ತೇ ತೂತು ಹೊಡೀರಿ.