ಅಂಶ ಮೇಲೆ, ಛೇದ ಕೆಳಗೆ: ಮೈಸೂರು ರೋಡಿಂದ ಮ್ಯಾಕ್ರೋವರೆಗೆ

(1/6)
ಮೊದಲನೇ ಫೋಟೋ ಸ್ವಲ್ಪ ಜೂಮ್ ಮಾಡಿ ನೋಡಿ. ಮರದ ಟ್ರೇ, ಅದರೊಳಗೆ ಸೀಸದ ಅಚ್ಚುಮೊಳೆಗಳು, ಬಲಗಡೆ ಮೂಲೇಲಿ ಉಗುರಿನಷ್ಟು ಉದ್ದದ ತೆಳ್ಳನೆ ಹಿತ್ತಾಳೆ ಪಟ್ಟಿ. ಭಿನ್ನರಾಶಿಯ ನಡುವೆ ಎಳೀತೀವಲ್ಲ, ಆ ಗೆರೆ ಅದು. ಪೆನ್ಸಿಲ್ಲಲ್ಲಿ ಎಳೆಯೋದಕ್ಕೆ ಅರ್ಧ ಸೆಕೆಂಡು. ಅಚ್ಚಲ್ಲಿ ಅದನ್ನ ಕೂರಿಸೋಕೆ ಒಬ್ಬ ಮನುಷ್ಯನ ಕಣ್ಣು, ಬೆರಳು, ತಾಳ್ಮೆ ಎಲ್ಲ ಬೇಕಿತ್ತು.

ಟ್ರೇ ಕೊಟ್ಟವರು ನಮ್ಮ ಎದುರುಮನೆ ತಾತ. ಚಾಮರಾಜಪೇಟೆಯ ಸಣ್ಣ ಪ್ರೆಸ್ಸೊಂದರಲ್ಲಿ ಕಂಪೋಸಿಟರ್ ಆಗಿದ್ದವರು. ಮದುವೆ ಕಾಗದ, ರಸೀದಿ ಪುಸ್ತಕ, ಕಾದಂಬರಿ ಎಲ್ಲಾ ಜೋಡಿಸಿದ್ದಾರೆ. ಆದರೆ ಲೆಕ್ಕದ ಪುಸ್ತಕದ ಮಾತು ತೆಗೆದರೆ ಈಗಲೂ ಮುಖ ಸಿಂಡರಿಸ್ತಾರೆ. "ಕಾದಂಬರಿ ಅಂದ್ರೆ ನೇರ ರಸ್ತೇಲಿ ನಡೆದ ಹಾಗೆ ಕಣಪ್ಪ. ಲೆಕ್ಕ ಅಂದ್ರೆ ಮಹಡಿ ಹತ್ತಿ ಇಳೀತಾ ಇರಬೇಕು."

ಯಾಕೆ ಅಂತ ಹೇಳ್ತೀನಿ. ಕೈಯಲ್ಲಿ ಹಿಡಿಯೋ ಸ್ಟಿಕ್ಕಲ್ಲಿ ಒಂದು ಸಾಲು ಅಂದ್ರೆ ಒಂದೇ ಎತ್ತರದ ಮೊಳೆಗಳ ಸಾಲು. ಭಿನ್ನರಾಶಿ ಬಂತು ಅಂದ್ರೆ ಅದೇ ಜಾಗದಲ್ಲಿ ಮೂರು ಅಂತಸ್ತು ಕಟ್ಟಬೇಕು: ಮೇಲೆ ಸಣ್ಣ ಮೊಳೆಯ ಅಂಶ, ನಡುವೆ ಹಿತ್ತಾಳೆ ಪಟ್ಟಿ, ಕೆಳಗೆ ಛೇದ. ಅಂಶ ಒಂದೇ ಅಂಕಿ, ಛೇದ ಐದು ಅಂಕಿ ಇದ್ರೆ ಅಂಶದ ಎರಡೂ ಕಡೆ ಖಾಲಿ ಸೀಸ ತುಂಬಿ ಸಮ ಮಾಡಬೇಕು. ಪಕ್ಕದ ಪ್ಲಸ್ಸು, ಈಕ್ವಲ್ಲು ಇವುಗಳ ಮೇಲೆ ಕೆಳಗೂ ತುಂಬಬೇಕು, ಇಲ್ಲಾಂದ್ರೆ ಪುಟ ಎತ್ತಿದಾಗ ಅಲ್ಲಿಂದಲೇ ಮೊಳೆ ಉದುರತ್ತೆ.

(2/6)
ಹಾಗಾಗಿ ಸಣ್ಣ ಪ್ರೆಸ್ಸುಗಳು ಒಂದು ಉಪಾಯ ಕಂಡ್ಕೊಂಡಿದ್ವು. ಮಹಡಿ ಕಟ್ಟೋದೇ ಬೇಡ, ಓರೆ ಗೆರೆ ಹಾಕಿ ಒಂದೇ ಸಾಲಲ್ಲಿ ಮುಗಿಸಿಬಿಡೋದು.

ಇದರ ಬಿಸಿ ನನಗೂ ತಟ್ಟಿದೆ. ಒಂಬತ್ತನೇ ಕ್ಲಾಸಿನ ನನ್ನ ಕನ್ನಡ ಮಾಧ್ಯಮದ ಗೈಡಲ್ಲಿ (ಯಾರು ಅಚ್ಚು ಹಾಕಿದ್ದು ಅನ್ನೋದು ಬೇಡ ಬಿಡಿ) ಹೀಗಿತ್ತು: ಎಕ್ಸ್ + 1 / ಎಕ್ಸ್ – 1, ಎಕ್ಸ್ ಬೆಲೆ 3 ಆದಾಗ ಎಷ್ಟು? ಕ್ಲಾಸಲ್ಲಿ ಹೇಳಿಕೊಟ್ಟ ನಿಯಮದ ಪ್ರಕಾರ ಭಾಗಾಕಾರ ಮೊದಲು ಮಾಡಿದೆ. 3 ಕ್ಕೆ ಮೂರನೇ ಒಂದು ಸೇರಿಸಿ 1 ಕಳೆದರೆ ಎರಡೂ ಮೂರನೇ ಒಂದು. ಹಿಂದಿನ ಪುಟದ ಉತ್ತರ ಬರೀ 2. ಎರಡು ದಿನ ತಲೆ ಕೆಡಿಸ್ಕೊಂಡೆ. ಬರೆದವರ ಮನಸ್ಸಲ್ಲಿ ಇದ್ದದ್ದು 4 ರ ಕೆಳಗೆ 2, ಅಂದ್ರೆ ಪೂರ್ತಿ ಮೇಲೊಂದು ಗುಂಪು, ಪೂರ್ತಿ ಕೆಳಗೊಂದು ಗುಂಪು. ಆ ಗೆರೆ ಬರೀ ಅಲಂಕಾರ ಅಲ್ಲ ನೋಡಿ, ಅದು ಕಂಸದ ಕೆಲಸವನ್ನೂ ಮಾಡತ್ತೆ. ಗೆರೆ ಹೋದ್ರೆ ಕಂಸವೂ ಹೋಯ್ತು. ಕಂಸ ಹಾಕೋದನ್ನ ಪ್ರೆಸ್ಸಲ್ಲಿ ಯಾರೂ ನೆನಪಿಟ್ಟುಕೊಂಡಿರಲಿಲ್ಲ. ನಾನು ಮಾತ್ರ ನನಗೇ ಲೆಕ್ಕ ಬರಲ್ಲ ಅಂದ್ಕೊಂಡೆ. ಹಾಗೆ ಅಂದ್ಕೊಂಡ ಮಕ್ಕಳು ಇನ್ನೂ ಎಷ್ಟು ಜನವೋ.

ಒಂದು ತಮಾಷೆ. ಆ ಗೆರೆ ನಮ್ಮದಲ್ಲ! ಅಂಶ ಮೇಲೆ ಛೇದ ಕೆಳಗೆ ಬರೆಯೋದು ಹಳೆಯ ಭಾರತೀಯ ಪದ್ಧತಿ, ಆದರೆ ನಡುವೆ ಗೆರೆ ಇರ್ತಿರಲಿಲ್ಲ. ಗೆರೆ ಎಳೆಯೋ ಅಭ್ಯಾಸ ಬಂದಿದ್ದು ಅರಬ್ಬೀ ಗಣಿತಜ್ಞರಿಂದ, 12ನೇ ಶತಮಾನದ ಸುಮಾರಿಗೆ. ಅದಕ್ಕೂ ಮುನ್ನೂರು ವರ್ಷ ಮುಂಚೆ, ಸುಮಾರು ಕ್ರಿ.ಶ. 850 ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳಿಗೇ ಒಂದು ದೊಡ್ಡ ಅಧ್ಯಾಯ ಇಟ್ಟಿದ್ರು. ನಾವು ಲಸಾಅ ಅಂತ ಕಲಿತದ್ದಕ್ಕೆ ಅವರ ಹೆಸರು 'ನಿರುದ್ಧ'.

(3/6)
ಎರಡನೇ ಫೋಟೋ ಮೈಸೂರು ರೋಡಿನದು. ಬೆಂಗಳೂರು ಪ್ರೆಸ್ ಅಂದ್ರೆ ನಿಮಗೆ ನೆನಪಾಗೋದು ಗೋಡೆ ಮೇಲಿನ ಕ್ಯಾಲೆಂಡರ್ರು, ರಾಹುಕಾಲ, ಏಕಾದಶಿ. 1916 ರಲ್ಲಿ ಶುರುವಾದ ಸಂಸ್ಥೆ. ಆದರೆ ಅದೇ ಪ್ರೆಸ್ಸಲ್ಲಿ ಇನ್ನೊಂದು ತರಹದ ಕೆಲಸವೂ ನಡೀತಿತ್ತು ಅನ್ನೋದು ಕ್ಯಾಲೆಂಡರ್ ತೂಗುಹಾಕೋ ಎಷ್ಟು ಮನೆಗಳಿಗೆ ಗೊತ್ತು?

ಸಿ.ವಿ. ರಾಮನ್ 1934 ರಲ್ಲಿ ಇಲ್ಲೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದ್ರು. ಅದೇ ವರ್ಷ ಅದರ 'ಪ್ರೊಸೀಡಿಂಗ್ಸ್' ಪತ್ರಿಕೆ ಶುರುವಾಯ್ತು, ಅಚ್ಚಾಗ್ತಿದ್ದದ್ದು ಬೆಂಗಳೂರು ಪ್ರೆಸ್ಸಲ್ಲಿ. 1935 ಮತ್ತು 36 ರಲ್ಲಿ ರಾಮನ್ ಮತ್ತು ನಾಗೇಂದ್ರನಾಥ್ ಸೇರಿ ಐದು ಕಂತಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ರು: ಅತಿ ಹೆಚ್ಚು ಆವರ್ತನದ ಶಬ್ದದ ಅಲೆ ಹಾಯೋ ದ್ರವದ ಮೂಲಕ ಬೆಳಕು ಹೋದ್ರೆ ಏನಾಗತ್ತೆ ಅಂತ. ಇವತ್ತಿಗೂ ಜಗತ್ತು ಅದನ್ನ ರಾಮನ್–ನಾಥ್ ಸಿದ್ಧಾಂತ ಅಂತಲೇ ಓದತ್ತೆ.

ಆ ಪುಟಗಳ ತುಂಬ ಬೆಸೆಲ್ ಫಂಕ್ಷನ್ನುಗಳು. ಒಂದು ದೊಡ್ಡ ಅಕ್ಷರ, ಅದರ ಕಾಲಬುಡದಲ್ಲಿ ಪುಟ್ಟ ಅಕ್ಷರ, ತಲೆ ಮೇಲೆ ವರ್ಗದ 2, ಆಮೇಲೆ ಕಂಸದೊಳಗೆ ಒಂದು ಭಿನ್ನರಾಶಿ, ಅದರಲ್ಲಿ ಗ್ರೀಕ್ ಅಕ್ಷರಗಳು. ಇದನ್ನೆಲ್ಲ ಸೀಸದಲ್ಲಿ ಕೂರಿಸಿದವರ ಹೆಸರು ಪ್ರಬಂಧದ ಮೇಲೆ ಇಲ್ಲ, ಇರೋ ಪದ್ಧತಿಯೂ ಇಲ್ಲ. ಆದರೆ ಗ್ರೀಕ್ ಅಕ್ಷರ ಒಂದು ತಲೆಕೆಳಗಾಗಿದ್ರೂ ರಾಮನ್ ಸುಮ್ಮನಿರ್ತಿದ್ರಾ ಅಂತ ಯೋಚಿಸಿ.

ಕನ್ನಡದಲ್ಲಿ? ಇನ್ನೂ ಹಿಂದೆ, 1918 ರ ಹೊತ್ತಿಗೇ ಬೆಂಗಳೂರಲ್ಲಿ 'ವಿಜ್ಞಾನ' ಅನ್ನೋ ಕನ್ನಡ ಮಾಸಪತ್ರಿಕೆ ಬಂತು. ನಡೆಸಿದವರು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್. ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಪಂಪಭಾರತವನ್ನ ಸಂಪಾದಿಸಿದ್ದೂ ಅವರೇ! ಪತ್ರಿಕೆ ಬಹಳ ದಿನ ನಡೀಲಿಲ್ಲ.

(4/6)
ಈಗ ಸ್ವಲ್ಪ ದೂರ ಹೋಗೋಣ. ಅಮೆರಿಕಾದ ಸ್ಟ್ಯಾನ್‌ಫರ್ಡ್, 1977. ಡೊನಾಲ್ಡ್ ಕನೂತ್ ಅನ್ನೋ ಗಣಕಶಾಸ್ತ್ರದ ಮೇಷ್ಟ್ರಿಗೆ ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿಯ ಪ್ರೂಫ್ ಬಂತು. ಸೀಸ ಹೋಗಿ ಫೋಟೋ ಕಂಪೋಸಿಂಗ್ ಬಂದಿದ್ದ ಕಾಲ. ಹಳೇ ಸೀಸದ ಅಚ್ಚಿನ ಚೆಂದ ಇದರಲ್ಲಿ ಇಲ್ಲವೇ ಇಲ್ಲ ಅಂತ ಅವರಿಗೆ ಬೇಜಾರಾಯ್ತು. ನಾನೇ ಒಂದು ಪ್ರೋಗ್ರಾಂ ಬರೀತೀನಿ ಅಂತ ಕೂತ್ರು. ಒಂದು ವರ್ಷದ ಕೆಲಸ ಅಂದ್ಕೊಂಡಿದ್ದು ಸುಮಾರು ಹತ್ತು ವರ್ಷ ಹಿಡೀತು. ಅದೇ 'ಟೆಕ್'. ದುಡ್ಡು ತಗೊಳ್ಳದೆ ಎಲ್ಲರಿಗೂ ಕೊಟ್ರು.

ಟೆಕ್ಕಿನ ಜೀವ ಇರೋದು ಮ್ಯಾಕ್ರೋದಲ್ಲಿ. ಮ್ಯಾಕ್ರೋ ಅಂದ್ರೆ ಏನು? ಅಡುಗೆಮನೆಗೆ ಬನ್ನಿ. 'ಸಾರಿನ ಪುಡಿ ಎರಡು ಚಮಚ' ಅಂತೀವಿ. ಪ್ರತಿ ಸಲ ಧನಿಯಾ ಇಷ್ಟು, ಮೆಣಸಿನಕಾಯಿ ಇಷ್ಟು, ಜೀರಿಗೆ, ಮೆಂತ್ಯ ಅಂತ ಹೇಳಲ್ಲ. ಒಂದು ಸಲ ಮಾಡಿಟ್ಟು ಹೆಸರಿಟ್ಟಾಯ್ತು, ಮುಂದೆ ಹೆಸರು ಹೇಳಿದ್ರೆ ಸಾಕು. ಮ್ಯಾಕ್ರೋನೂ ಹಾಗೇ. ಜೊತೆಗೆ ಅದಕ್ಕೆ ಖಾಲಿ ಬಟ್ಟಲುಗಳನ್ನ ಇಡಬಹುದು, ಬಳಸುವಾಗ ಅದರಲ್ಲಿ ಬೇಕಾದ್ದು ತುಂಬಬಹುದು.

ಕನೂತ್ ಭಿನ್ನರಾಶಿಗೆ ಕೊಟ್ಟ ಆಜ್ಞೆ 'ಓವರ್'. ಇಂಗ್ಲಿಷಲ್ಲಿ ಓದೋ ಹಾಗೇ, ಅಂಶ, ಓವರ್, ಛೇದ. ಓದೋಕೆ ಚೆಂದ, ಆದರೆ ಒಂದು ತೊಡಕಿದೆ. ಓವರ್ ಕಣ್ಣಿಗೆ ಬೀಳೋವರೆಗೂ ಇಷ್ಟೊತ್ತು ಓದಿದ್ದು ಅಂಶ ಅಂತ ಯಂತ್ರಕ್ಕೆ ಗೊತ್ತೇ ಇರಲ್ಲ. 1980 ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಟೆಕ್ ಮೇಲೆ ಮ್ಯಾಕ್ರೋಗಳ ಒಂದು ದೊಡ್ಡ ಕಟ್ಟು ಕಟ್ಟಿದ್ರು, ಅದು 'ಲೇಟೆಕ್'. ಅದರಲ್ಲಿ 'ಫ್ರಾಕ್' ಅಂತ ಒಂದು ಮ್ಯಾಕ್ರೋ: ಎರಡು ಬಟ್ಟಲು, ಮೊದಲನೇದಕ್ಕೆ ಅಂಶ, ಎರಡನೇದಕ್ಕೆ ಛೇದ. ಬಿಚ್ಚಿ ನೋಡಿದ್ರೆ ಒಳಗೆ ಅದೇ ಓವರ್, ಒಂದೇ ಸಾಲಿನ ಮ್ಯಾಕ್ರೋ. ಇವತ್ತು ಓದೋ ಗಣಿತದ ಪ್ರಬಂಧಗಳಲ್ಲಿ ಎಷ್ಟೋ ಭಿನ್ನರಾಶಿಗಳು ಆ ಒಂದು ಹೆಸರಿಂದ ಹೊರಟವು.

ನನಗೆ ತುಂಬ ಹಿಡಿಸಿದ್ದು ಇದು: ತಾತನ ಬೆರಳಿಗೆ ಗೊತ್ತಿದ್ದ ಎಲ್ಲವೂ ಅಲ್ಲಿ ನಿಯಮವಾಗಿದೆ. ಭಿನ್ನರಾಶಿಯೊಳಗೆ ಭಿನ್ನರಾಶಿ ಬಂದ್ರೆ ಅಕ್ಷರ 10 ಪಾಯಿಂಟಿಂದ 7 ಕ್ಕೆ, ಆಮೇಲೆ 5 ಕ್ಕೆ ಇಳಿಯತ್ತೆ, 5 ರ ಕೆಳಗೆ ಇಳಿಯಲ್ಲ, ಕಣ್ಣಿಗೆ ಕಾಣಬೇಕಲ್ಲ. ಗೆರೆಯ ದಪ್ಪ 0.4 ಪಾಯಿಂಟು. ಗೆರೆ ಕೂರೋದು ಪ್ಲಸ್ಸಿನ ಅಡ್ಡಗೆರೆಯ ಮಟ್ಟಕ್ಕೇ. ರಾಮಾನುಜನ್ನರಿಗೆ ಪ್ರಿಯವಾದ ಸತತ ಭಿನ್ನರಾಶಿಗಳಿಗೆ ಮಾತ್ರ ಈ ಕುಗ್ಗೋ ನಿಯಮ ಒಗ್ಗಲ್ಲ, ಮೂರನೇ ಮೆಟ್ಟಿಲಿಗೇ ಇರುವೆ ಸಾಲು. ಅದಕ್ಕೆ ಕುಗ್ಗದ ಹಾಗೆ ನೋಡಿಕೊಳ್ಳೋ ಬೇರೆ ಮ್ಯಾಕ್ರೋನೇ ಇದೆ.

(5/6)
ಹಳೇ ಸ್ಪ್ರಿಂಗರ್ ಪುಸ್ತಕ ಸಿಕ್ಕಿದ್ರೆ ಮುಖಪುಟದ ಹಿಂದಿನ ಪುಟ ತೆರೆದು ಸಣ್ಣಕ್ಷರ ಓದಿ. 1980–90 ರ ದಶಕದ ಕೆಲವು ಪುಸ್ತಕಗಳಲ್ಲಿ ಹೀಗಿರತ್ತೆ: ಟೈಪ್‌ಸೆಟ್ಟಿಂಗ್, ಮ್ಯಾಕ್ಮಿಲನ್ ಇಂಡಿಯಾ, ಬೆಂಗಳೂರು 25. ಜರ್ಮನಿಯ ಪ್ರಕಾಶಕರು, ಜೋಡಿಸಿದ್ದು ನಮ್ಮೂರಲ್ಲಿ. ಮೊದಲನೇ ಸಲ ನೋಡಿದಾಗ ಪುಸ್ತಕದಂಗಡಿಯಲ್ಲೇ ನಿಂತು ನಕ್ಕುಬಿಟ್ಟೆ. ನಮ್ಮ ಗೈಡಿಗೆ ಒಂದು ಗೆರೆ ಸಿಕ್ಕಿರಲಿಲ್ಲ ಕಣ್ರೀ.

ತಾತನ ಪ್ರೆಸ್ಸು ಅಷ್ಟರಲ್ಲಿ ಮುಚ್ಚಿತ್ತು. ಡಿಟಿಪಿ ಬಂತು, ಮೊಳೆಗಳನ್ನ ತೂಕದ ಲೆಕ್ಕಕ್ಕೆ ಗುಜರಿಗೆ ಹಾಕಿದ್ರು. ಅವರು ಉಳಿಸ್ಕೊಂಡದ್ದು ಈ ಒಂದು ಟ್ರೇ. ಆಮೇಲೆ ಒಂದು ಅಂಗಡೀಲಿ ಲೆಕ್ಕ ಬರೆದ್ರು. ಅದರ ಬಗ್ಗೆ ಜಾಸ್ತಿ ಮಾತಾಡಲ್ಲ.

(6/6)
ಕನ್ನಡಕ್ಕೂ ಟೆಕ್ ಬಂತು. ಯೋಚನೆ ಮಾಡಿದ್ರೆ ಕನ್ನಡ ಅಕ್ಷರವೇ ಒಂದು ಸೂತ್ರದ ಹಾಗೆ: ಒತ್ತು ಕೆಳಗೆ, ಗುಡಿಸು ಮೇಲೆ, ಅರ್ಕಾವತ್ತು ಪಕ್ಕಕ್ಕೆ. 1990 ರ ದಶಕದ ಆರಂಭದಲ್ಲಿ ಜಿ.ಎಸ್. ಜಗದೀಶ್ ಮತ್ತು ವೆಂಕಟೇಶ್ ಗೋಪಿನಾಥ್ 'ಕಾನ್‌ಟೆಕ್' ಮಾಡಿದ್ರು. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಟೈಪ್ ಮಾಡಿದ್ರೆ ಅದು ಕನ್ನಡವಾಗಿ ಅಚ್ಚಾಗತ್ತೆ. ಆಮೇಲೆ ಗಣಿತಜ್ಞ ಸಿ.ಎಸ್. ಯೋಗಾನಂದರ ಶ್ರೀರಂಗಪಟ್ಟಣದ 'ಶ್ರೀರಂಗ ಡಿಜಿಟಲ್' ಸಂಸ್ಥೆಯಿಂದ 'ಕನ್ನಡಟೆಕ್' ಬಂತು. 2004 ರಲ್ಲಿ ಬಂದ 'ಝೀಟೆಕ್' ಯೂನಿಕೋಡ್ ಕನ್ನಡವನ್ನ ನೇರವಾಗಿ ಓದತ್ತೆ. ನಾನು ಬಳಸೋದು ಅದೇ.

ಕಳೆದ ತಿಂಗಳು ಒಂದು ಮ್ಯಾಕ್ರೋ ಬರೆದೆ, ಹೆಸರು 'ಭಿನ್ನ'. ಯಾಕೆ ಅಂದ್ರೆ ಇಂಗ್ಲಿಷ್ ಅಂಶ ಮೊದಲು ಹೇಳತ್ತೆ, ನಾವು ಛೇದ ಮೊದಲು ಹೇಳ್ತೀವಿ. 'ಮೂರನೇ ಎರಡರಷ್ಟು ಬಹುಮತ' ಅಂತೀವಲ್ಲ, ಮೂರು ಮೊದಲು, ಎರಡು ಆಮೇಲೆ. ಕನ್ನಡದಲ್ಲೇ ಲೆಕ್ಕ ಹೇಳಿಕೊಳ್ತಾ ಟೈಪ್ ಮಾಡುವಾಗ ಫ್ರಾಕ್ ಬಟ್ಟಲುಗಳು ನನಗೆ ಉಲ್ಟಾ ಆಗ್ತಿದ್ವು. ಅದಕ್ಕೆ ನನ್ನ ಮ್ಯಾಕ್ರೋದಲ್ಲಿ ಮೊದಲ ಬಟ್ಟಲು ಛೇದಕ್ಕೆ. ಒಂದು ಸಾಲು, ಅಷ್ಟೇ. ಅದರಲ್ಲಿ ಆ ಹಳೇ ಗೈಡಿನ ಲೆಕ್ಕವನ್ನೇ ಜೋಡಿಸಿ, ಮೇಲೆ ಕೆಳಗೆ ಕನ್ನಡ ವಾಕ್ಯ ಹಾಕಿ, ಪ್ರಿಂಟ್ ತೆಗೆದು ತಾತನಿಗೆ ತೋರಿಸಿದೆ.

ಕನ್ನಡಕ ಹಾಕ್ಕೊಂಡು ಬೆಳಕಿಗೆ ಹಿಡಿದ್ರು. ಗೆರೆ ಪ್ಲಸ್ಸಿನ ಮಟ್ಟಕ್ಕೆ ಕೂತಿದ್ದನ್ನ ಉಗುರಲ್ಲಿ ಮುಟ್ಟಿ ನೋಡಿ ತಲೆ ಆಡಿಸಿದ್ರು. ಆಮೇಲೆ ಬೆರಳು ವಾಕ್ಯದ ನಡುವೆ ಇದ್ದ ಇನ್ನೊಂದು ಪುಟ್ಟ ಭಿನ್ನರಾಶಿಗೆ ಬಂತು. ಅಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಅಂಶಕ್ಕೆ ತಗುಲಿತ್ತು. ನಾನು ಗಮನಿಸಿಯೇ ಇರಲಿಲ್ಲ.

"ಇಲ್ಲಿ ಲೆಡ್ ಹಾಕಿಲ್ಲ ನೀನು. ಕನ್ನಡಕ್ಕೆ ಕೆಳಗೆ ಜಾಗ ಬೇಕಪ್ಪ, ಇಂಗ್ಲಿಷಿನ ಹಾಗಲ್ಲ."

ಲೆಡ್ ಅಂದ್ರೆ ಸಾಲುಗಳ ಮಧ್ಯೆ ಇಡ್ತಿದ್ದ ಸೀಸದ ಪಟ್ಟಿ. ಮನೆಗೆ ಬಂದು ಸಾಲಿನ ಅಂತರ 2 ಪಾಯಿಂಟ್ ಜಾಸ್ತಿ ಮಾಡಿದೆ. ಕೊನೇ ಫೋಟೋದಲ್ಲಿ ಇರೋದು ತಿದ್ದಿದ ಪ್ರತಿ.

#ಚಾಮರಾಜಪೇಟೆ #ಅಚ್ಚುಮೊಳೆ #ಕನ್ನಡಗಣಿತ #ಹಳೇಬೆಂಗಳೂರು