ಒಂದು ಬೀಪ್‌ಗಾಗಿ ಕಾದ ಭಾನುವಾರ: ಹಳೇ ಕಂಪ್ಯೂಟರ್ ಎಬ್ಬಿಸಿದ ಕಥೆ

ಇಯರ್‌ಫೋನ್ ಹಾಕ್ಕೊಂಡಿದ್ರೆ ಸ್ವಲ್ಪ ವಾಲ್ಯೂಮ್ ಕಡಿಮೆ ಮಾಡ್ಕೊಳ್ಳಿ. ಈಗ ಕೇಳಿಸೋ ಸದ್ದು ಅಷ್ಟೇನೂ ಹಿತವಾಗಿಲ್ಲ.

[ಉದ್ದನೆಯ ಬೀಪ್ ಸದ್ದು, ನಾಲ್ಕೈದು ಸಲ]

ಇದು ತಿಪಟೂರಿನ ನಮ್ಮ ಮನೆ ಅಟ್ಟದಲ್ಲಿದ್ದ ಕಂಪ್ಯೂಟರ್ ಸದ್ದು. ಪೆಂಟಿಯಮ್ 4, ಅಸೆಂಬಲ್ಡ್. 2005ರಲ್ಲಿ ಅಪ್ಪ ತಂದಿದ್ದು. ಹೋದ ತಿಂಗಳು ಅದನ್ನ ಕೆಳಗಿಳಿಸಿದ್ದಕ್ಕೆ ಒಂದೇ ಕಾರಣ ಇತ್ತು. 2007ರಲ್ಲಿ, ನನಗೆ ಹತ್ತು ವರ್ಷ ಇದ್ದಾಗ, ಒಂದು ಅಗ್ಗದ ಮೈಕ್ ಚುಚ್ಚಿ ನಮ್ಮಜ್ಜಿ ಮಾತಾಡಿದ್ದನ್ನ ಅದರಲ್ಲಿ ರೆಕಾರ್ಡ್ ಮಾಡಿದ್ದೆ. ಅಜ್ಜಿ 2011ರಲ್ಲಿ ಹೋದ್ರು. ಫೋಟೋಗಳಿವೆ. ದನಿ ಮಾತ್ರ ಬೇರೆಲ್ಲೂ ಇಲ್ಲ. ಊರೆಲ್ಲರ ದನಿ ರೆಕಾರ್ಡ್ ಮಾಡ್ಕೊಂಡು ತಿರುಗೋ ನನ್ನ ಹತ್ರ ಸ್ವಂತ ಅಜ್ಜಿ ದನಿ ಇಲ್ಲ ಅಂದ್ರೆ ಹೇಗೆ?

ಸ್ವಿಚ್ ಒತ್ತಿದೆ. ಫ್ಯಾನ್ ತಿರುಗ್ತು. ಸ್ಕ್ರೀನ್ ಕಪ್ಪು. ಆಮೇಲೆ ಈ ಬೀಪ್. ಅಪ್ಪ ಬಾಗಿಲಲ್ಲೇ ನಿಂತು, "ಗುಜರಿಗೆ ಹಾಕೋ ಅಂದ್ರೆ ಕೇಳಲ್ಲ ನೀನು" ಅಂದ್ರು.

ಆದ್ರೆ ಆ ಬೀಪ್ ಸತ್ತ ಲಕ್ಷಣ ಅಲ್ಲ, ಬದುಕಿರೋ ಲಕ್ಷಣ. ಅದು ಯಾಕೆ ಅಂತ ತಿಳ್ಕೊಳ್ಳೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಕಂಪ್ಯೂಟರ್ ಶುರು ಆಗೋದಕ್ಕೆ 'ಬೂಟ್' ಅಂತೀವಲ್ಲ, ಅದು 'ಬೂಟ್‌ಸ್ಟ್ರಾಪ್' ಅನ್ನೋ ಪದದ ತುಂಡು. ತನ್ನ ಬೂಟಿನ ಪಟ್ಟಿಯನ್ನ ತಾನೇ ಹಿಡಿದೆಳೆದು ಮೇಲೇಳೋದು ಅಂತ ಅರ್ಥ. ನಮ್ಮ ಕಡೆ ಹೇಳೋದಾದ್ರೆ, ಬಾವಿಗೆ ಬಿದ್ದವನು ತನ್ನ ಜುಟ್ಟನ್ನ ತಾನೇ ಹಿಡ್ಕೊಂಡು ಮೇಲೆ ಬಂದ ಹಾಗೆ. ಸಮಸ್ಯೆ ನಿಜವಾದದ್ದೇ: ಡಿಸ್ಕಿನಿಂದ ಪ್ರೋಗ್ರಾಮ್ ಓದ್ಬೇಕು ಅಂದ್ರೆ, ಹೇಗೆ ಓದ್ಬೇಕು ಅಂತ ಹೇಳೋ ಇನ್ನೊಂದು ಪ್ರೋಗ್ರಾಮ್ ಮೊದಲೇ ಇರ್ಬೇಕು. 1975ರ ಆಲ್ಟೇರ್ 8800ರಲ್ಲಿ ಆ ಮೊದಲ ಪ್ರೋಗ್ರಾಮನ್ನ ಮನುಷ್ಯನೇ ಕೊಡ್ಬೇಕಿತ್ತು. ಮುಂಭಾಗದಲ್ಲಿ ಸಾಲಾಗಿದ್ದ ಸ್ವಿಚ್‌ಗಳನ್ನ ಮೇಲೆ ಕೆಳಗೆ ಮಾಡಿ, ಒಂದೊಂದೇ ಬೈಟ್. ಕರೆಂಟ್ ಹೋದ್ರೆ ಮತ್ತೆ ಮೊದಲಿಂದ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿ ಬಿಡುಗಡೆ ಮಾಡ್ತು. ಅದರಲ್ಲಿ ಆ ಮೊದಲ ಪ್ರೋಗ್ರಾಮ್ ಒಂದು ಚಿಪ್ಪಿನೊಳಗೆ ಕಾಯಂ ಕೂತಿತ್ತು. ಹೆಸರು ಬಯೋಸ್. ಹೆಸರನ್ನ ಇಟ್ಟಿದ್ದು ಐಬಿಎಂ ಅಲ್ಲ, ಅದಕ್ಕೂ ಮೊದಲು ಸಿಪಿ/ಎಂ ಬರೆದ ಗ್ಯಾರಿ ಕಿಲ್ಡಾಲ್. ಆನ್ ಆದ ಕೂಡಲೇ ಬಯೋಸ್ ಮನೆ ಯಜಮಾನನ ಹಾಗೆ ಒಂದು ಸುತ್ತು ಹಾಕುತ್ತೆ: ಪ್ರೊಸೆಸರ್ ಸರಿಯಾ, ಮೆಮೊರಿ ಸರಿಯಾ, ಸ್ಕ್ರೀನ್ ಇದೆಯಾ, ಕೀಬೋರ್ಡ್ ಇದೆಯಾ. ಎಲ್ಲ ಸರಿ ಇದ್ರೆ ಒಂದು ಚಿಕ್ಕ ಬೀಪ್. ಸ್ಕ್ರೀನ್ ಇನ್ನೂ ಎದ್ದಿಲ್ಲದಾಗಲೇ ತಪ್ಪು ಸಿಕ್ಕಿದ್ರೆ ಬರೆದು ತೋರಿಸೋಕೆ ಆಗಲ್ಲ. ಹಾಗಾಗಿ ಕೂಗಿ ಹೇಳುತ್ತೆ.

ಇಲ್ಲಿ ನಾನು, ಬಿಕಾಂ ಓದಿದವನು, ಒಂದು ವ್ಯಾಪಾರದ ಕಥೆ ಹೇಳಲೇಬೇಕು. ಐಬಿಎಂ ಅವಸರದಲ್ಲಿತ್ತು. ಪ್ರೊಸೆಸರ್ ಇಂಟೆಲ್‌ದು, ಡಾಸ್ ಮೈಕ್ರೋಸಾಫ್ಟ್‌ದು, ಬಿಡಿಭಾಗಗಳು ಯಾರು ಬೇಕಾದ್ರೂ ಕೊಳ್ಳಬಹುದಾದವು. ಅದರದ್ದೇ ಅನ್ನೋ ಬೀಗ ಅಂದ್ರೆ ಬಯೋಸ್. ಅದರ ಕೋಡನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿಬಿಟ್ಟಿತ್ತು. ಓದಬಹುದು, ಆದ್ರೆ ನಕಲು ಮಾಡಿದ್ರೆ ಕಾಪಿರೈಟ್ ಕೇಸು. ಕಾಂಪ್ಯಾಕ್ ಏನು ಮಾಡ್ತು ಗೊತ್ತಾ? ಒಂದು ತಂಡ ಆ ಕೋಡ್ ಓದಿ, 'ಇದು ಏನೇನು ಕೆಲಸ ಮಾಡುತ್ತೆ' ಅಂತ ಮಾತ್ರ ಬರೆದುಕೊಡ್ತು. ಕೋಡನ್ನ ಕಣ್ಣಲ್ಲೂ ನೋಡಿರದ ಇನ್ನೊಂದು ತಂಡ ಆ ಪಟ್ಟಿ ಇಟ್ಕೊಂಡು ಹೊಸದಾಗಿ ಬರೀತು. ಕೆಲಸ ಅದೇ, ಅಕ್ಷರ ಬೇರೆ. 1982ರ ನವೆಂಬರ್‌ನಲ್ಲಿ ಕಾಂಪ್ಯಾಕ್ ಪೋರ್ಟಬಲ್ ಘೋಷಣೆ ಆಯ್ತು. 1984ರಲ್ಲಿ ಫೀನಿಕ್ಸ್ ಅನ್ನೋ ಕಂಪನಿ ಇದೇ ರೀತಿ ಮಾಡಿದ ಬಯೋಸನ್ನ ಕೇಳಿದವರಿಗೆಲ್ಲ ಮಾರೋಕೆ ಶುರು ಮಾಡ್ತು. ಆಮೇಲೆ ಅವಾರ್ಡ್, ಎಎಂಐ ಬಂದ್ವು. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಬೋರ್ಡ್ ಒಂದು ಅಂಗಡಿ, ರ‍್ಯಾಮ್ ಇನ್ನೊಂದು ಅಂಗಡಿ ಅಂತ ಕೊಂಡು ಜೋಡಿಸಿದ ನಮ್ಮನೆ ಡಬ್ಬದ ಬೇರು ಈ ಜಾಣತನದಲ್ಲಿದೆ. ಬಯೋಸ್ ಮಾಡೋರು ಹಲವರಾದ್ದರಿಂದ ಬೀಪ್ ಭಾಷೆನೂ ಹಲವು. ನಮ್ಮದು ಅವಾರ್ಡ್. ಅದರಲ್ಲಿ ಒಂದು ಉದ್ದ ಎರಡು ಗಿಡ್ಡ ಬಂದ್ರೆ ಡಿಸ್ಪ್ಲೇ ತೊಂದರೆ. ಉದ್ದನೆಯ ಬೀಪ್ ನಿಲ್ಲದೇ ಬರ್ತಿದ್ರೆ ಮೆಮೊರಿ.

ಸರಿ, ಪವರ್ ಕೇಬಲ್ ಕಿತ್ತೆ. ಕೇಸಿನ ಲೋಹ ಮುಟ್ಟಿ ಮೈಯಲ್ಲಿರೋ ಸ್ಥಿರ ವಿದ್ಯುತ್ ಕಳ್ಕೊಂಡೆ. ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನ ಶಾಲೆ ಹುಡುಗರ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಎರಡೂ ಕಡೆ ಕ್ಲಿಪ್ ಟಕ್ ಅನ್ನೋವರೆಗೆ ಒತ್ತಿದೆ. ಎಸ್.ಪಿ. ರೋಡಿನ ಅಣ್ಣಂದಿರು ಇಪ್ಪತ್ತು ವರ್ಷದಿಂದ ಮಾಡೋ ವೈದ್ಯ ಇದೇ.

[ಒಂದು ಚಿಕ್ಕ ಬೀಪ್]

ಆಹಾ. ಆದ್ರೆ ಸ್ಕ್ರೀನ್ ಮೇಲೆ 'ಸಿಮಾಸ್ ಚೆಕ್‌ಸಮ್ ಎರರ್'. ತಾರೀಖು 2002ರ ಜನವರಿ 1.

ಇದಕ್ಕೂ ಒಂದು ಹಿನ್ನೆಲೆ ಇದೆ. ಮೊದಲ ಪಿಸಿಗೆ ಗಡಿಯಾರವೇ ಇರ್ಲಿಲ್ಲ. ಪ್ರತಿ ಸಲ ಆನ್ ಮಾಡ್ದಾಗ ಡಾಸ್ 'ಇವತ್ತು ಯಾವ ತಾರೀಖು?' ಅಂತ ಕೇಳ್ತಿತ್ತು. ಹೇಳದಿದ್ರೆ 1980ರ ಜನವರಿ 1 ಅಂದ್ಕೊಂಡು ಮುಂದೆ ಹೋಗ್ತಿತ್ತು. 1984ರ ಐಬಿಎಂ ಎಟಿಯಲ್ಲಿ ಬ್ಯಾಟರಿ ಮೇಲೆ ಓಡೋ ಗಡಿಯಾರದ ಚಿಪ್ ಬಂತು. ಅದರೊಳಗೆ ಸೆಟ್ಟಿಂಗ್ ನೆನಪಿಟ್ಕೊಳ್ಳೋಕೆ ಜಾಗ ಒಟ್ಟು 64 ಬೈಟ್, ಗಡಿಯಾರದ ಪಾಲೂ ಅದರಲ್ಲೇ. ನೀವು ಕಳಿಸೋ ಒಂದು ಸಾಲು ಮೆಸೇಜೂ ಅದರಲ್ಲಿ ಹಿಡಿಸಲ್ಲ. ಆ ಸಂಖ್ಯೆಗಳನ್ನೆಲ್ಲ ಕೂಡಿ ಮೊತ್ತ ಬರೆದಿಟ್ಟಿರುತ್ತೆ. ಆನ್ ಆದಾಗ ಮತ್ತೆ ಕೂಡಿ ನೋಡುತ್ತೆ. ತಾಳೆ ಆಗದಿದ್ರೆ ಚೆಕ್‌ಸಮ್ ಎರರ್. ಟ್ರಯಲ್ ಬ್ಯಾಲೆನ್ಸ್ ಕೂಡಿಬರದೆ ರಾತ್ರಿಯೆಲ್ಲ ಕೂತವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಕಾರಣ ಬಹಳ ಸಲ ಒಂದೇ: ನಾಣ್ಯದ ಹಾಗಿರೋ 3 ವೋಲ್ಟ್ ಸೆಲ್, ಸಿಆರ್2032, ಖಾಲಿ ಆಗಿರುತ್ತೆ. ಬಸ್ ಸ್ಟ್ಯಾಂಡ್ ಹತ್ತಿರದ ವಾಚ್ ರಿಪೇರಿ ಅಂಗಡಿಯಲ್ಲಿ ಸಿಕ್ತು. ಹಾಕಿ, ತಾರೀಖು ಸರಿ ಮಾಡ್ದೆ.

ಈಗ ಮೂರನೇ ಗೋಡೆ. 'ಡಿಸ್ಕ್ ಬೂಟ್ ಫೇಲ್ಯೂರ್'.

ಇಲ್ಲಿ ನನ್ನ ಎದೆ ಧಸಕ್ಕಂತು. ರ‍್ಯಾಮ್ ಹೋದ್ರೆ ಬೇರೆ ತರಬಹುದು. ಡಿಸ್ಕ್ ಹೋದ್ರೆ ಅಜ್ಜಿ ಎರಡನೇ ಸಲ ಹೋದ ಹಾಗೆ.

ಈ ಹಂತದಲ್ಲಿ ಬಯೋಸ್ ಡಿಸ್ಕಿನ ಮೊಟ್ಟಮೊದಲ 512 ಬೈಟ್ ಮಾತ್ರ ಓದುತ್ತೆ, ಅದರ ಕೊನೆಯ ಎರಡು ಬೈಟಲ್ಲಿ ಒಂದು ಗುರುತು ಇದೆಯಾ ನೋಡುತ್ತೆ, ಇದ್ರೆ ಕಣ್ಣುಮುಚ್ಚಿ ಅಧಿಕಾರ ಬಿಟ್ಟುಕೊಡುತ್ತೆ. ಆ ಕುರುಡು ನಂಬಿಕೆಯನ್ನ 1986ರಲ್ಲೇ ಲಾಹೋರಿನ ಇಬ್ಬರು ಅಣ್ತಮ್ಮಂದಿರು, ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ, ಬಳಸಿಕೊಂಡಿದ್ರು. ಅವರ 'ಬ್ರೇನ್' ವೈರಸ್ ಫ್ಲಾಪಿಯ ಆ ಮೊದಲ ಜಾಗದಲ್ಲೇ ಕೂತ್ಕೊಳ್ತಿತ್ತು. ತಮಾಷೆ ಅಂದ್ರೆ ವೈರಸ್ಸಿನೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಹಾಕಿದ್ರು. ಈಗಿನ ಸ್ಕ್ಯಾಮ್ ಕಾಲದಲ್ಲಿ ಊಹಿಸ್ಕೊಳ್ಳಿ!

ಡಿಲೀಟ್ ಕೀ ಒತ್ತಿ ಸೆಟಪ್ ಒಳಗೆ ಹೋದೆ. ಪ್ರೈಮರಿ ಮಾಸ್ಟರ್ ಎದುರಿಗೆ 'ನನ್' ಅಂತಿತ್ತು. ಅಂದ್ರೆ ವಿಂಡೋಸ್ ಕೆಟ್ಟಿಲ್ಲ, ಡಿಸ್ಕ್ ಇದೆ ಅನ್ನೋದೇ ಬಯೋಸ್‌ಗೆ ಗೊತ್ತಿಲ್ಲ. ಮತ್ತೆ ಮುಚ್ಚಳ ತೆಗೆದೆ. ನೋಡಿದ್ರೆ, ಅಗಲವಾದ ಬೂದು ರಿಬ್ಬನ್ ಕೇಬಲ್ ಬೋರ್ಡಿನ ಕಡೆ ಅರ್ಧ ಎದ್ದು ನಿಂತಿದೆ. ರ‍್ಯಾಮ್ ಉಜ್ಜೋ ಉತ್ಸಾಹದಲ್ಲಿ ನನ್ನ ಮೊಣಕೈಯೇ ತಾಗಿಸಿತ್ತು. ಅಪ್ಪನಿಗೆ ಹೇಳಲಿಲ್ಲ, ನಿಮಗೆ ಹೇಳ್ತಿದ್ದೀನಿ. ಕೆಂಪು ಗೆರೆ ಇರೋ ಅಂಚು ಒಂದನೇ ಪಿನ್ ಕಡೆ ಬರೋ ಹಾಗೆ ನೋಡಿ ಒತ್ತಿದೆ.

ಎಕ್ಸ್‌ಪಿ ಲೋಗೋ ಬಂತು. ಕೆಳಗೆ ಆ ನೀಲಿ ಪಟ್ಟಿ ಓಡ್ತು. ಅಪ್ಪ ಕುರ್ಚಿ ಎಳ್ಕೊಂಡು ಕೂತ್ರು.

ನನ್ನ 64 ಜಿಬಿ ಪೆನ್‌ಡ್ರೈವನ್ನ ಅದು ಓದಲೇ ಇಲ್ಲ. ಡ್ರಾಯರಿನ ಮೂಲೆಯಲ್ಲಿದ್ದ 4 ಜಿಬಿಯದ್ದನ್ನ ಹುಡುಕಿ, ಬೇರೇನೂ ಮುಟ್ಟೋ ಮೊದಲು ಫೈಲ್ ಕಾಪಿ ಮಾಡ್ದೆ. ಹಳೇ ಡಿಸ್ಕ್ ಎದ್ದಾಗ ಮೊದಲ ಕೆಲಸ ಅದೇ ಆಗಿರ್ಬೇಕು, ಅದು ಮತ್ತೆ ಏಳುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ. ಕಟಕಟ ಸದ್ದು ಬರ್ತಿದ್ರೆ ಪದೇ ಪದೇ ಆನ್ ಮಾಡ್ಲೇಬೇಡಿ.

ಫೈಲ್ ಉದ್ದ ಸರಿಯಾಗಿ 60 ಸೆಕೆಂಡ್. ಎಕ್ಸ್‌ಪಿಯ ಸೌಂಡ್ ರೆಕಾರ್ಡರ್ ಒಂದು ನಿಮಿಷಕ್ಕೆ ತಾನಾಗೇ ನಿಲ್ಲೋದು. ಇನ್ನೊಂದು ಸಲ ಒತ್ತಬೇಕು ಅಂತ ಹತ್ತು ವರ್ಷದ ನನಗೆ ಗೊತ್ತಿರಲಿಲ್ಲ. ಅಜ್ಜಿ ಮದುವೆಯಾಗಿ ಈ ಊರಿಗೆ ಗಾಡೀಲಿ ಬಂದಿದ್ದನ್ನ ಹೇಳ್ತಾ ಇದ್ದಾರೆ. ಹಿಂದೆ ಕುಕ್ಕರ್ ಕೂಗ್ತಿದೆ. ಗಾಡಿ ಮನೆ ಮುಂದೆ ನಿಲ್ಲುತ್ತೆ. "ಇಳೀತಿದ್ದಂಗೇ ನಿಮ್ಮ ತಾತ ಏನಂದ್ರು ಗೊತ್ತೇನೋ ಮಗಾ..." ಅನ್ನೋವಾಗ ಕಟ್ ಆಗುತ್ತೆ.

ಅಪ್ಪನ ಕಡೆ ನೋಡ್ದೆ. ಅವರಿಗೂ ಗೊತ್ತಿಲ್ಲವಂತೆ.